ನಡಾವಳಿಯಲ್ಲಿ ಇಲ್ಲದ ಮಾತು

ದಮಾಸ್ಕಸ್, ಮೇ 18, 1948

ಮಗ ಬುರ್ಹಾನ್‌ಗೆ ಅಪ್ಪನ ಆಶೀರ್ವಾದಗಳು.

ಯುದ್ಧಕ್ಕೆ ಹೊರಟ ನಿಮ್ಮ ಲಾರಿಗಳು ಮೀದಾನ್ ಬೀದಿ ದಾಟಿ ಮರೆಯಾದ ಮೇಲೆ ನಾನು ನೇರ ಸಂಸತ್ತಿಗೆ ಹೋದೆ. ಕೋಟು ಕಳಚುವಾಗ ಜೇಬಿನಿಂದ ಅಕ್ಕಿಕಾಳು ಉದುರಿದವು. ಹೆಂಗಸರು ಮಹಡಿಯ ಮೇಲಿಂದ ನಿಮ್ಮ ಮೇಲೆ ಎರಚಿದ್ದು ನನ್ನ ಪಾಲಿಗೂ ಬಂದಿತ್ತು. ಹೊಸ ಲೆಫ್ಟಿನೆಂಟನ ಅಪ್ಪ ಎಂದು ಬಾಗಿಲು ಕಾಯುವವನಿಂದ ಹಿಡಿದು ಎಲ್ಲರೂ ಕೈ ಕುಲುಕಿದರು.

ಸಭೆಯಲ್ಲಿ ಇಂಥ ದಿನವನ್ನು ನಾನು ನೋಡಿರಲಿಲ್ಲ. ನನ್ನಂಥ ಶೀಘ್ರಲಿಪಿಯವನಿಗೆ ಮಾತು ಮುಖ್ಯ, ಭಾವನೆ ಅಲ್ಲ. ‘ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತರಲ್ಲಿ ಗೆಲುವು’ ಎಂದರು ಮಂತ್ರಿಗಳು. ಒಂದೇ ಭಾಷಣದಲ್ಲಿ ‘(ಚಪ್ಪಾಳೆ)’ ಎಂದು ಹನ್ನೊಂದು ಸಲ ಬರೆದೆ. ಹೌರಾನ್ ಕಡೆಯ ಮುದುಕ ಸದಸ್ಯರೊಬ್ಬರು ಮಾತ್ರ ಎದ್ದು, “ಎಲ್ಲಾ ಸರಿ, ಮದ್ದುಗುಂಡು ಎಷ್ಟಿದೆ? ಅದನ್ನ ಯಾರೂ ಹೇಳ್ತಿಲ್ವಲ್ಲ?” ಎಂದು ಕೇಳಿದರು. “ಕೂತ್ಕೊಳ್ರೀ, ಅಪಶಕುನ ನುಡೀಬೇಡಿ!” ಎಂದು ನಾಲ್ಕೂ ಕಡೆಯಿಂದ ಕೂಗಿದರು. ಸುಳ್ಳೇಕೆ ಹೇಳಲಿ, ನನಗೂ ಆ ಮುದುಕನ ಮೇಲೆ ಸಿಟ್ಟು ಬಂತು.

ನಿನ್ನ ಕೈಕೆಳಗೆ ಮೂವತ್ತೊಂದು ಜನ ಎಂದೆಯಲ್ಲ, ಅವರ ಊಟ ಆದಮೇಲೆ ನೀನು ಉಣ್ಣು. ತಂಗಿ ನಜೀಹಾ ನಿನಗೆಂದು ಜರ್ದಾಳು ಹಣ್ಣಿನ ರಸ ಒಣಗಿಸಿದ ಹಾಳೆ ಕಟ್ಟಿಟ್ಟಿದ್ದಾಳೆ, ಬೇರೆ ಕಳಿಸುತ್ತೇನೆ.

ನಿನ್ನ ಅಪ್ಪ,
ವೆಹ್ಬಿ ಶುರ್ಬಜಿ

*

ಕುನೈತ್ರ, ಜೂನ್ 14, 1948

ಅಪ್ಪಾ,

ನಾನು ಚೆನ್ನಾಗಿದ್ದೇನೆ. ಜರ್ದಾಳು ಹಾಳೆ ತಲುಪಿತು, ಇಪ್ಪತ್ತು ಪಾಲು ಮಾಡಿ ಹಂಚಿದೆ. ಇಲ್ಲಿ ಗಾಳಿ ಜಾಸ್ತಿ. ಕಾಲುಚೀಲ ಕಳಿಸಿದರೆ ಒಳ್ಳೆಯದು, ಬೂಟಿನ ಅಟ್ಟೆ ಎದ್ದುಬಂದಿದೆ.

ನಜೀಹಾಳ ಪರೀಕ್ಷೆ ಮುಗಿಯಿತೇ?

ಬುರ್ಹಾನ್

*

ದಮಾಸ್ಕಸ್, ಸೆಪ್ಟೆಂಬರ್ 9, 1948

ಬುರ್ಹಾನ್,

ಮೂರು ಕಾಗದಕ್ಕೆ ನಿನ್ನಿಂದ ಉತ್ತರವಿಲ್ಲ. ಬದುಕಿದ್ದೀಯೆ ಎಂದು ಸಂಬಳದ ಪಟ್ಟಿ ನೋಡಿದವರು ಹೇಳಿದರು. ಅಷ್ಟಕ್ಕೇ ಸಮಾಧಾನಪಡಬೇಕಾದ ಕಾಲ.

ನಿನ್ನ ಜೂನ್ ತಿಂಗಳ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅಂಕಿ ತಪ್ಪದಂತೆ ಬರೆಯುವುದು ನನ್ನ ಕಸುಬು, ಹಾಗಾಗಿ ಓದುವಾಗಲೂ ಕಣ್ಣು ಅಲ್ಲೇ ನಿಲ್ಲುತ್ತದೆ. ಮೂವತ್ತೊಂದು ಜನಕ್ಕೆ ಇಪ್ಪತ್ತು ಪಾಲು ಹೇಗೆ ಸಾಕಾಯಿತು? ಬರೆಯಲು ಇಷ್ಟವಿಲ್ಲದಿದ್ದರೆ ಬರೆಯಬೇಡ.

ಊರು ತುಂಬಿಹೋಗಿದೆ. ನಜೀಹಾಳ ಶಾಲೆಯ ತರಗತಿಗಳಲ್ಲಿ ಗಡಿಯಾಚೆಯ ಸಫದ್ ಕಡೆಯಿಂದ ಓಡಿಬಂದ ಸಂಸಾರಗಳಿವೆ. ಕಪ್ಪುಹಲಗೆಯ ಮೊಳೆಗೆ ಬಟ್ಟೆ ಒಣಹಾಕುತ್ತಾರಂತೆ. ರೊಟ್ಟಿ ಅಂಗಡಿಯ ಮುಂದೆ ಬೆಳಗ್ಗೆಯೇ ಜಗಳ. ಸಭೆಯಲ್ಲಿ ಮಾತ್ರ ಯುದ್ಧದ ಮಾತೇ ಇಲ್ಲ. ಯಾರ ಕಡೆಗೆ ಯಾವ ಖಾತೆ ಎಂಬ ಚರ್ಚೆಯನ್ನು ಹೋದ ವಾರ ನಾಲ್ಕು ದಿನ ಬರೆದೆ. ಸೋತೆವು ಎಂದು ಒಬ್ಬರೂ ಅನ್ನಲಿಲ್ಲ. ‘ಇಂದಿನ ಪರಿಸ್ಥಿತಿ’ ಎನ್ನುತ್ತಾರೆ. ಆ ಎರಡು ಪದಕ್ಕೆ ನಾನೀಗ ಒಂದೇ ಗೀಟಿನ ಗುರುತು ಮಾಡಿಕೊಂಡಿದ್ದೇನೆ, ಅಷ್ಟು ಸಲ ಬರುತ್ತದೆ.

ಹಾಗೆಂದು ನಂಬಿಕೆ ಬಿಡಬೇಡ. ನಲವತ್ತೈದರಲ್ಲಿ ಫ್ರೆಂಚರು ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿಸಿ ನಮ್ಮ ಕಾವಲಿನವರನ್ನು ಕೊಂದಾಗ ಗೋಡೆಗಳ ಮೇಲಿದ್ದ ರಕ್ತ ನೋಡಿದವನು ನಾನು. ಮನೆ ನಮ್ಮದು. ಮಕ್ಕಳು ಕಿತ್ತಾಡುತ್ತಾರೆಂದು ಮನೆಗೆ ಬೆಂಕಿ ಇಡುತ್ತಾರೆಯೇ?

ಈ ಗಂಟಿನಲ್ಲಿ ಕಾಲುಚೀಲ ಆರು ಜೊತೆ ಇದೆ.

ಅಪ್ಪ

*

ಕುನೈತ್ರ, ಅಕ್ಟೋಬರ್ 28, 1948

ಅಪ್ಪಾ,

ನೀವು ಅಂಕಿಯನ್ನು ಕೇಳಿದಿರಿ. ಹೇಳುತ್ತೇನೆ. ಆದರೆ ಇದನ್ನು ಮಗನ ಕಾಗದವೆಂದು ಓದಬೇಡಿ, ಸಾಕ್ಷಿಯೆಂದು ಓದಿ.

ಮೇ ಇಪ್ಪತ್ತರಂದು ಗಡಿಯಾಚೆ ಸರೋವರದ ದಕ್ಷಿಣದ ಹಳ್ಳಿಯೊಂದನ್ನು ಹಿಡಿಯಲು ನಮ್ಮನ್ನು ಕಳಿಸಿದರು. ತಲೆಗೆ ನಲವತ್ತು ತೋಟಾ ಇತ್ತು. ಅದು ಮುಗಿಯುತ್ತ ಬಂದಾಗ ಹಿಂದಿನಿಂದ ಎರಡು ಹೊಸ ಪೆಟ್ಟಿಗೆ ಬಂತು. ಕಿತ್ತಳೆ ತೋಟದ ಕಾಲುವೆಯಲ್ಲಿ ಮಲಗಿಕೊಂಡೇ ಒಡೆದೆವು. ತೋಟಾ ಹೊಸದು, ಫಳಫಳ ಹೊಳೆಯುತ್ತಿತ್ತು. ನಮ್ಮ ಬಂದೂಕಿಗೆ ಕೂರಲಿಲ್ಲ. ಬೇರೆ ಜಾತಿಯ ಬಂದೂಕಿನದು. ಶಬ್ಲಿ ಎಂಬ ಹುಡುಗಾಟದ ಸಿಪಾಯಿ ಇದ್ದ, ಗುಡ್ಡಗಾಡಿನವನು. ಒಂದನ್ನು ಕಲ್ಲಿನಿಂದ ಮೆಲ್ಲಗೆ ಕುಟ್ಟಿ ನೋಡಿ, “ಥೇಟ್ ನಮ್ ಸರ್ಕಾರ ಕಣ್ ಸಾರ್. ನೋಡೋಕ್ ಚಿನ್ನ, ಬಾಯಿಗ್ ಹಾಕಿದ್ರೆ ಹೊಟ್ಟೆಗ್ ಇಳಿಯಲ್ಲ” ಅಂದ. ನಾವು ನಕ್ಕೆವು. ಆ ಹೊತ್ತಿನಲ್ಲೂ ನಕ್ಕೆವು ಅಪ್ಪಾ. ಅವನು ಸತ್ತಾಗ ಅವನ ಮುಖದಲ್ಲಿ ಆ ನಗು ಪೂರ್ತಿ ಆರಿರಲಿಲ್ಲ.

ಆಮೇಲೆ ನಾನು ‘ಓಡಿ’ ಅಂದೆ. ‘ಹಿಂದೆ ಸರಿಯಿರಿ’ ಎನ್ನಬೇಕಿತ್ತು, ಸೈನಿಕ ಶಾಲೆಯಲ್ಲಿ ಕಲಿಸಿದ್ದು ಅದು. ನಾನು ‘ಓಡಿ’ ಅಂತಲೇ ಕಿರುಚಿದೆ. ಇಪ್ಪತ್ತು ಜನ ನನ್ನ ಜೊತೆ ಓಡಿ ಬಂದರು. ಹನ್ನೊಂದು ಜನ ಅಲ್ಲೇ ಉಳಿದರು. ಅವರನ್ನು ಹೂಳಲು ಕೂಡ ಆಗಲಿಲ್ಲ.

ಈಗ ಬೇಸಿಗೆ ಕಳೆದು ಚಳಿ ಬಂದಿದೆ. ಸರ್ಕಾರ ಸೇನೆಗೆ ಕಳಿಸಿದ ತುಪ್ಪದ ಡಬ್ಬ ತೆರೆದರೆ ಮೂಳೆ ಸುಟ್ಟ ವಾಸನೆ. ಅಡುಗೆಯವನೇ ವಾಂತಿ ಮಾಡಿಕೊಂಡ.

ಭೋಜನಶಾಲೆಯಲ್ಲಿ ಅಧಿಕಾರಿಗಳ ಮಾತು ದಿನದಿನಕ್ಕೆ ಕೆಡುತ್ತಿದೆ. “ಬೇ, ಪಾಷಾ ಅನ್ನಿಸಿಕೊಳ್ಳೋ ಈ ಜಮೀನ್ದಾರರು ಸಾಕು, ದೇಶಕ್ಕೆ ಒಬ್ಬ ಗಂಡಸು ಬೇಕು” ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. “ನಮ್ಮಪ್ಪ ಅಲ್ಲಿ ಕೂತು ಒಂದೊಂದು ಮಾತನ್ನೂ ಬರೀತಾರೆ. ಆಡಿದ ಮಾತನ್ನ ಯಾರೂ ಇಲ್ಲ ಅನ್ನಕ್ಕಾಗಲ್ಲ. ಅದಕ್ಕಿಂತ ದೊಡ್ಡ ಆಯುಧ ಇನ್ನೇನಿದೆ?” ಎಂದು ವಾದಿಸುತ್ತೇನೆ. ನಗುತ್ತಾರೆ. ಕ್ಯಾಪ್ಟನ್ ಮಾತ್ರ ನಗಲಿಲ್ಲ. “ಹಂಗಾದ್ರೆ ನಿಮ್ಮಪ್ಪಂಗೆ ಬರಿ. ಆ ಪೆಟ್ಟಿಗೆ ಕೊಂಡೋರು ಯಾರು ಅಂತ ಅಲ್ಲಿ ಯಾರಾದ್ರೂ ಒಬ್ರು ಕೇಳ್ಲಿ. ಒಬ್ರೇ ಒಬ್ರು ಕೇಳಿದ್ರೆ ನಾನು ಬಾಯಿ ಮುಚ್ಕೋತೀನಿ” ಅಂದರು.

ಈ ಕಾಗದವನ್ನು ಯಾರಾದರೂ ಸದಸ್ಯರಿಗೆ ಕೊಡಿ. ನಾನು ತಪ್ಪು ಮಾಡಿದ್ದರೆ ನನ್ನನ್ನು ವಿಚಾರಣೆಗೆ ನಿಲ್ಲಿಸಲಿ, ಬರುತ್ತೇನೆ. ಆದರೆ ತೋಟಾದ ಮಾತೂ ಬರಲಿ.

ಬುರ್ಹಾನ್

*

ದಮಾಸ್ಕಸ್, ನವೆಂಬರ್ 3, 1948

ಮಗನೇ,

ಓದಿದೆ. ನಿನ್ನನ್ನು ಬದುಕಿಸಿ ಕಳಿಸಿದ ದೇವರಿಗೆ ನಾನು ಕೃತಜ್ಞ.

ಇಪ್ಪತ್ತು ವರ್ಷದ ಈ ಕೆಲಸದಲ್ಲಿ ನಾನು ಯಾವ ಸದಸ್ಯರ ಮನೆ ಬಾಗಿಲಿಗೂ ಹೋದವನಲ್ಲ. ನಿನ್ನೆ ಲುತ್ಫಿ ಬೇ ಅವರಲ್ಲಿಗೆ ಹೋದೆ. ಸಭೆಯಲ್ಲಿ ಅವರಷ್ಟು ಖಂಡಿತವಾಗಿ ಮಾತಾಡುವವರು ಇನ್ನಿಲ್ಲ. ಕಾಗದ ಓದುತ್ತ ಅವರ ಕಣ್ಣು ತುಂಬಿತು. ಬುರ್ಹಾನನ ಅಪ್ಪ ಎಂದೇ ನನ್ನನ್ನು ಕರೆದು, “ಅಬು ಬುರ್ಹಾನ್, ನಿಮ್ಮ ಮಗ ಅಂದ್ರೆ ನನ್ನ ಮಗ. ಮುಂದಿನ ಬುಧವಾರ ನೋಡಿ, ಗೋಡೆ ನಡುಗಿಸ್ತೀನಿ” ಎಂದರು. ನಿನ್ನ ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟರು.

ನಿಮ್ಮ ಕ್ಯಾಪ್ಟನ್‌ಗೆ ಹೇಳು, ಒಬ್ಬರು ಸಿಕ್ಕಿದ್ದಾರೆ ಎಂದು.

ಅಪ್ಪ

*

ಕುನೈತ್ರ, ನವೆಂಬರ್ 22, 1948

ಅಪ್ಪಾ,

ನಿಮ್ಮ ಲುತ್ಫಿ ಬೇ ಗೋಡೆ ನಡುಗಿಸಿದ್ದು ಇಲ್ಲಿಯವರೆಗೂ ಕೇಳಿಸಿತು. ಗ್ಯಾಲರಿಯಲ್ಲಿ ಕೂತಿದ್ದವರು ಬಂದು ಪದ ಬಿಡದೆ ಹೇಳಿದರು. ನನ್ನ ಕಾಗದದಲ್ಲಿ ಅವರು ಓದಿದ್ದು ಒಂದೇ ಸಾಲು: ‘ನಾನು ಓಡಿ ಅಂದೆ.’ ಆಮೇಲೆ ಆಚೆ ಕಡೆಯ ಬೆಂಚಿನತ್ತ ತಿರುಗಿ, ‘ನೀವು ಸಾಕಿದ ಮೊಲಗಳ ಸೈನ್ಯ ಇದು’ ಎಂದರಂತೆ. ಸಭೆ ನಕ್ಕಿತಂತೆ. ತೋಟಾದ ಸುದ್ದಿ ಎತ್ತಲೇ ಇಲ್ಲ. ಅದನ್ನು ಕೊಳ್ಳುವಾಗ ಖಜಾನೆ ಅವರದೇ ಕಡೆಯವರ ಕೈಯಲ್ಲಿತ್ತು ಎಂದು ಇಲ್ಲಿ ಸಿಪಾಯಿಗೂ ಗೊತ್ತು.

ಹೆಸರು ಹೇಳಲಿಲ್ಲ, ನಿಜ. ಹೇಳಬೇಕಾಗಿಯೂ ಇರಲಿಲ್ಲ. ಮಾರನೆಯ ದಿನ ನನ್ನ ತಟ್ಟೆಯಲ್ಲಿ ಯಾರೋ ಗಜ್ಜರಿ ಇಟ್ಟಿದ್ದರು.

ಅದನ್ನೂ ಸಹಿಸಿಕೊಂಡೆ. ಆ ಮೊಲದ ಮಾತಿಗೆ ಕ್ಷಮೆ ಕೇಳಬೇಕೆಂದು ನಮ್ಮ ಅಧಿಕಾರಿಗಳು ಸಂಸತ್ತಿಗೆ ಬರೆದರು. ಹಾಗೇನೂ ಯಾರೂ ಅಂದಿಲ್ಲ ಎಂದು ಉತ್ತರ ಬಂತು, ಜೊತೆಗೆ ಅಂದಿನ ನಡಾವಳಿಯ ಪ್ರತಿ, ಮೊಹರು ಹಾಕಿ. ಕ್ಯಾಪ್ಟನ್ ಅದನ್ನು ಎಲ್ಲರ ಮುಂದೆ ನನ್ನ ಕೈಗೆ ಕೊಟ್ಟು, “ಓದಪ್ಪಾ, ನಿನ್ನ ದೊಡ್ಡ ಆಯುಧ” ಅಂದರು. ಓದಿದೆ. ಲುತ್ಫಿ ಬೇ ಅವರು ‘ನಮ್ಮ ಸೇನೆಯ ತ್ಯಾಗಕ್ಕೆ ತಲೆಬಾಗಿ’ ಕುಳಿತುಕೊಂಡರೆಂದಿದೆ. ಕೆಳಗೆ ‘(ಚಪ್ಪಾಳೆ)’.

ಅದರ ಕೆಳಗೆ ನಿಮ್ಮ ಸಹಿ ಇದೆ.

ನಿಮ್ಮ ಸಹಿ ನನಗೆ ಗೊತ್ತು. ಶಾಲೆಯ ಅಂಕಪಟ್ಟಿಯ ಮೇಲೆ ವರ್ಷವರ್ಷವೂ ನೋಡಿದ್ದೇನೆ. ಯಾರೋ ನಕಲು ಮಾಡಿದ್ದಾರೆ ಎಂದು ಬರೆಯಿರಿ. ನಂಬುತ್ತೇನೆ.

ಬು.

*

ದಮಾಸ್ಕಸ್, ಡಿಸೆಂಬರ್ 8, 1948

ಬುರ್ಹಾನ್,

ನಿಮ್ಮ ತುಕಡಿ ಊರಲ್ಲೇ ಇದೆ ಎಂದು ನಜೀಹಾ ಹೇಳಿದಳು. ಸರ್ಕಾರದ ವಿರುದ್ಧ ವಿದ್ಯಾರ್ಥಿಗಳು ತೆಗೆದ ಮೆರವಣಿಗೆಯಲ್ಲಿ ಅವಳೂ ಇದ್ದಳು. ಮರ್ಜೆ ಚೌಕದಲ್ಲಿ ಬಂದೂಕು ಅಡ್ಡ ಹಿಡಿದು ನಿಂತವರ ಹಿಂದೆ ನಿನ್ನನ್ನು ಕಂಡಳಂತೆ. ನೀನೂ ಅವಳನ್ನು ಕಂಡೆಯಂತೆ. ಮನೆಗೂ ಚೌಕಕ್ಕೂ ಹತ್ತು ನಿಮಿಷದ ದಾರಿ. ಎಂಟು ದಿನವಾಯಿತು, ನೀನು ಬರಲಿಲ್ಲ. ಅದಕ್ಕೇ ಈ ಕಾಗದವನ್ನು ಬ್ಯಾರಕ್ಕಿನ ಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದೇನೆ.

ಸಹಿ ನನ್ನದೇ.

ಅವತ್ತು ಸಭೆ ಮುಗಿದ ಮೇಲೆ ನನ್ನನ್ನು ಕರೆದರು. ಕೋಣೆಯಲ್ಲಿ ಎರಡೂ ಪಕ್ಷದ ನಾಲ್ಕು ಜನ ಹಿರಿಯರು ಕಾಫಿ ಕುಡಿಯುತ್ತ ಕೂತಿದ್ದರು. ಬೆಳಗ್ಗೆ ಒಬ್ಬರ ಗಂಟಲು ಒಬ್ಬರು ಹಿಡಿದಿದ್ದವರು! ಲುತ್ಫಿ ಬೇ ಕೂಡ ಇದ್ದರು. ಹೊಸ ಮಂತ್ರಿಮಂಡಲದ ಮಾತುಕತೆ ನಡೆದಿತ್ತು. ಲುತ್ಫಿ ಬೇ ಅವರೇ, “ಅಬು ಬುರ್ಹಾನ್, ಬಾಯಿ ತಪ್ಪಿ ಬಂದ ಮಾತು. ಸೇನೆ ಕೆರಳಿದ್ರೆ ನಾಳೆ ನೀವೂ ಇರಲ್ಲ, ನಾವೂ ಇರಲ್ಲ. ಎರಡು ಸಾಲು ತಾನೇ? ದೇಶಕ್ಕೋಸ್ಕರ” ಎಂದರು. ಆಮೇಲೆ ಮೆಲ್ಲಗೆ, “ನಿಮ್ಮ ಮಗನಿಗೋಸ್ಕರ ಕೂಡ. ಆ ‘ಓಡಿ’ ಅನ್ನೋದು ನಡಾವಳಿಲಿ ಉಳಿದ್ರೆ ಅವನ ಮೊಮ್ಮಕ್ಕಳೂ ಓದ್ತಾರೆ” ಎಂದರು.

ಅಲ್ಲಿ ನಾನು ಸೋತೆ. ದೇಶಕ್ಕಾಗಿ ಎಂದಷ್ಟೇ ಹೇಳಿದ್ದರೆ ಒಪ್ಪುತ್ತಿರಲಿಲ್ಲವೇನೋ. ನಿನಗಾಗಿ ಎಂದರು, ಒಪ್ಪಿದೆ. ಹೊಸ ಹಾಳೆ ಬರೆದೆ. ಹಳೆಯದನ್ನು ಅವರೆದುರಿಗೇ ಒಲೆಗೆ ಹಾಕಿದೆ. ಹದಿನೈದು ನಿಮಿಷದ ಕೆಲಸ.

ನಾನು ಕಾಯುತ್ತಿದ್ದ ಮನೆಯ ಕದವನ್ನು ನಾನೇ ಒಳಗಿಂದ ತೆರೆದುಕೊಟ್ಟೆ ಎಂದು ನಿನ್ನ ಕಾಗದ ಓದಿದ ಮೇಲೆ ಅರ್ಥವಾಯಿತು. ಬೀದಿಯಲ್ಲಿ ಹುಡುಗರು ಸತ್ತರು, ಮಂತ್ರಿಗಳು ರಾಜೀನಾಮೆ ಕೊಟ್ಟರು. ಈಗ ಜನರಿಂದ ತಮ್ಮನ್ನು ಕಾಪಾಡಲು, ಮೊಲವೆಂದು ಯಾರನ್ನು ಕರೆದರೋ ಅವರನ್ನೇ ಊರೊಳಗೆ ಕರೆಸಿಕೊಂಡಿದ್ದಾರೆ. ಬಂದವರನ್ನು ಮತ್ತೆ ವಾಪಸು ಕಳಿಸುವುದು ಹೇಗೆಂದು ಯಾರೂ ಯೋಚಿಸಿದ ಹಾಗಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಊಟಕ್ಕೆ ಬಾ ಎಂದು ಕೇಳುತ್ತೇನೆ.

ಅಪ್ಪ

*

ದಮಾಸ್ಕಸ್, ಏಪ್ರಿಲ್ 6, 1949

ಅಣ್ಣಾ,

ನೀನು ಉತ್ತರ ಬರೆಯುವುದಿಲ್ಲ ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ, ಅಪ್ಪನಿಗೆ ಹೇಳಿಲ್ಲ.

ಹೋದ ಬುಧವಾರ ಬೆಳಗ್ಗೆ ರೇಡಿಯೋದಲ್ಲಿ ಬರೀ ಕವಾಯತಿನ ಸಂಗೀತ. ನಮ್ಮ ಮನೆಯಲ್ಲಿ ರೇಡಿಯೋ ಇಲ್ಲವಲ್ಲ, ಅಪ್ಪ ಎಂದಿನಂತೆ ಟೊಪ್ಪಿ ಉಜ್ಜಿ ಹಾಕಿಕೊಂಡು ಹೊರಟರು. ಅರ್ಧ ಗಂಟೆಗೆ ವಾಪಸು ಬಂದರು. “ಇವತ್ತು ರಜೆಯಮ್ಮ” ಅಂದರು. ಕೋಟು ಬಿಚ್ಚಲಿಲ್ಲ, ಕುರ್ಚಿಯಲ್ಲಿ ಸಂಜೆಯವರೆಗೆ ಹಾಗೇ ಕೂತರು. ಅಷ್ಟು ಹೊತ್ತಿಗೆ ಬೀದಿಯೆಲ್ಲ ಸೇನೆಯ ಮುಖ್ಯಸ್ಥ ಕರ್ನಲ್ ಅಧಿಕಾರ ಹಿಡಿದ ಸುದ್ದಿ. ಮಿಠಾಯಿ ಅಂಗಡಿಯ ಅಬು ದಿಯಾಬ್ ತಟ್ಟೆ ತುಂಬ ಸಿಹಿ ಹಿಡಿದು ಮನೆಮನೆಗೆ ಬಂದ. “ತಗೊಳ್ಳಮ್ಮಾ ತಗೋ, ಕಳ್ರೆಲ್ಲ ಜೈಲಿಗೆ! ಕಾಳಸಂತೆಯೋರು ಇನ್ನು ನೇಣಿಗೆ!” ಅಂದ. ನಾನೂ ತೆಗೆದುಕೊಂಡು ತಿಂದೆ ಅಣ್ಣಾ. ಹತ್ತು ತಿಂಗಳಾದ ಮೇಲೆ ಮೊದಲ ಸಲ ಬೀದಿಯಲ್ಲಿ ನಗು ಕೇಳಿತ್ತು. ಒಬ್ಬರಾದರೂ ಆ ಸಂಸತ್ತಿಗಾಗಿ ಅಳುವುದನ್ನು ನಾನು ಕಾಣಲಿಲ್ಲ.

ಅಪ್ಪನ ತಟ್ಟೆಯಲ್ಲಿ ಇಟ್ಟೆ. ಮುಟ್ಟಲಿಲ್ಲ. “ಅಣ್ಣ ಏನಾದ್ರೂ ಸಿಕ್ಕಿದ್ನಾ?” ಅಂತ ಕೇಳಿದೆ. “ಅವನ್ಯಾಕೆ ಅಲ್ಲಿಗೆ ಬರ್ತಾನೆ?” ಅಂದರು. ಅವರು ಸುಳ್ಳು ಹೇಳುವಾಗ ಕನ್ನಡಕ ಒರೆಸುತ್ತಾರೆ, ನಿನಗೂ ಗೊತ್ತು.

ಏನಾಯಿತು ನಿಮ್ಮಿಬ್ಬರ ನಡುವೆ?

ನಿನ್ನ ತಂಗಿ,
ನಜೀಹಾ

*

ಕತನಾ, ಆಗಸ್ಟ್ 21, 1949

ಅಪ್ಪಾ,

ಒಂಬತ್ತು ತಿಂಗಳಾದ ಮೇಲೆ ನಿಮಗೆ ಬರೆಯುತ್ತಿದ್ದೇನೆ. ನಜೀಹಾ ಕೇಳಿದ್ದಕ್ಕೆ ಉತ್ತರವನ್ನು ನಿಮಗೇ ಕೊಡಬೇಕು.

ಆ ಬೆಳಗ್ಗೆ ಸಂಸತ್ತಿನ ಗೇಟಿಗೆ ಯಾರು ಎಂದಾಗ ನಾನೇ ಕೇಳಿ ಹಾಕಿಸಿಕೊಂಡೆ. ನೀವು ಬರುತ್ತೀರೆಂದು ಗೊತ್ತಿತ್ತು. ಬೇರೆ ಯಾರೋ ನಿಮ್ಮನ್ನು ತಳ್ಳುವುದು ಬೇಡವೆಂದುಕೊಂಡೆ. ಆದರೂ ಅದೊಂದೇ ಕಾರಣವಲ್ಲ. ನೀವು ನನ್ನನ್ನು ಅಲ್ಲಿ ನೋಡಬೇಕೆಂದೂ ಇತ್ತು.

ನೀವು ನನ್ನ ಮುಖ ನೋಡಲಿಲ್ಲ. ಪಾಸ್ ತೆಗೆದು, ಎಂದಿನಂತೆ ತೋರಿಸಿದಿರಿ. “ಸಭೆ ಇಲ್ಲ. ಮನೆಗೆ ಹೋಗಿ” ಅಂದೆ. “ಯಾರ ಅಪ್ಪಣೆ?” ಅಂದಿರಿ. “ಮೊಲಗಳದ್ದು” ಅಂದೆ. ಆ ಮಾತಿಗೆ ನನ್ನ ಹಿಂದಿದ್ದವರು ನಕ್ಕರು. ನೀವು ಪಾಸ್ ಮಡಿಚಿ ಜೇಬಿಗಿಟ್ಟುಕೊಂಡು ತಿರುಗಿದಿರಿ. ನಿಮ್ಮ ಬೆನ್ನು ಇಷ್ಟು ಬಾಗಿದೆಯೆಂದು ನನಗೆ ಗೊತ್ತಿರಲಿಲ್ಲ.

ತೋಟಾ ಕೊಂಡವರ ವಿಚಾರಣೆ ನಡೆಯುತ್ತದೆಂದು ಏಪ್ರಿಲ್ ಪೂರ್ತಿ ಕಾದೆ. ಮೇ ತಿಂಗಳಲ್ಲಿ ಕ್ಯಾಪ್ಟನ್‌ರನ್ನು ಕೇಳಿದೆ. “ಈಗ ಅದ್ಯಾಕೆ ಕೆದಕ್ತೀಯ? ಅವ್ರೂ ಈಗ ನಮ್ಮ ಕಡೆ” ಅಂದರು. ಕರ್ನಲ್ ಚುನಾವಣೆಗೆ ತಾನೊಬ್ಬನೇ ನಿಂತು ಗೆದ್ದ. ತನಗೆ ತಾನೇ ಮಾರ್ಷಲ್ ಆದ. ಪತ್ರಿಕೆಗಳಲ್ಲಿ ಅವನ ಹೊಸ ಸಮವಸ್ತ್ರದ ಚಿತ್ರ ಬಂದ ದಿನ ನಮ್ಮ ಸಿಪಾಯಿಗಳಿಗೆ ಇನ್ನೂ ಹಳೆಯ ಬೂಟು.

ಹೋದ ವಾರ ಬೆಳಗಿನ ಜಾವ ಮತ್ತೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಈ ಸಲ ಅವನನ್ನೇ ಇಳಿಸಲು. ದೀಬ್ ಎಂಬ ಹವಾಲ್ದಾರ ಲಾರಿ ಹತ್ತುತ್ತ, “ಸಾರ್, ಈ ಸಲ ಯಾರು ಕಳ್ರು ಅಂತ ಹೇಳ್ಬಿಡಿ, ಹುಡುಗ್ರು ಕೇಳ್ತಾರೆ” ಅಂದ. ತಮಾಷೆಗಲ್ಲ, ನಿಜವಾಗಿಯೂ ಕೇಳಿದ. ನಾನು ದಾರಿ ಕಾಯುವ ಕೆಲಸದಲ್ಲಿದ್ದೆ. ಅವನನ್ನು ಕೊಂದ ಗುಂಡಿನ ಸದ್ದು ಮಾತ್ರ ಕೇಳಿತು. ಬೆಳಗಾದ ಮೇಲೆ ಊರಿಗೆ ಬಂದರೆ ಜನ ಮತ್ತೆ ಚಪ್ಪಾಳೆ ತಟ್ಟುತ್ತಿದ್ದರು, ಅವೇ ಮುಖಗಳು.

ಮಾರ್ಚ್‌ನಲ್ಲಿ ನಾವು ಮುರಿದದ್ದು ಏನನ್ನು ಎಂದು ಆಗ ನನಗೆ ತಿಳಿದಿರಲಿಲ್ಲ. ಮೊದಲ ಸಲಕ್ಕೆ ಕಾರಣ ಬೇಕಾಯಿತು. ಎರಡನೆಯ ಸಲಕ್ಕೆ ಡೀಸೆಲ್ ಇದ್ದರೆ ಸಾಕಾಯಿತು.

ಒಲೆಗೆ ಹಾಕಿದ ಹಾಳೆಯನ್ನು ನೀವು ನನಗಾಗಿ ಹಾಕಿದಿರಿ ಎಂದು ಬರೆದಿದ್ದಿರಿ. ಅದನ್ನು ಈಗ ನಂಬುತ್ತೇನೆ. ನಂಬಿದ್ದರಿಂದ ಹಗುರವೇನೂ ಆಗಲಿಲ್ಲ.

ಬುರ್ಹಾನ್

*

ದಮಾಸ್ಕಸ್, ಡಿಸೆಂಬರ್ 14, 1949

ಮಗನೇ,

ಹಬ್ಬಕ್ಕೆ ನೀನು ಬಂದು ಹೋದದ್ದು ಈ ಮನೆಗೆ ಹಬ್ಬವಾಯಿತು. ಇಬ್ಬರೂ ಹೆಚ್ಚು ಮಾತಾಡಲಿಲ್ಲ, ಇರಲಿ. ನೀನು ಎರಡು ಸಲ ಅನ್ನ ಹಾಕಿಸಿಕೊಂಡೆ ಎಂದು ನಜೀಹಾ ಇನ್ನೂ ಹೇಳುತ್ತಿದ್ದಾಳೆ.

ಚುನಾವಣೆ ನಡೆದು ಹೊಸ ಸಭೆ ಕೂತಿದೆ. ಸಂವಿಧಾನ ಬರೆಯುವ ಸಭೆ. ನನ್ನನ್ನು ಮತ್ತೆ ಕರೆದರು. ಅದೇ ಕುರ್ಚಿ, ಅದೇ ಮೇಜು. ಲುತ್ಫಿ ಬೇ ಕೂಡ ಗೆದ್ದು ಬಂದಿದ್ದಾರೆ, ನನ್ನನ್ನು ಕಂಡು ಬೇರೆ ಕಡೆ ನೋಡಿದರು. ಒಂದು ಮಾತ್ರ ಬದಲಾಗಿದೆ. ಈಗ ಯಾರೇ ಎದ್ದು ನಿಂತರೂ ಬಾಯಿ ತೆರೆಯುವ ಮೊದಲು ಒಮ್ಮೆ ಗ್ಯಾಲರಿಯ ಕಡೆ ತಲೆಯೆತ್ತಿ ನೋಡುತ್ತಾರೆ. ಅಲ್ಲಿ ಸಮವಸ್ತ್ರದವರು ಇಬ್ಬರು ಮೂವರು ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾರೆ. ಒಂದು ಮಾತೂ ಆಡುವುದಿಲ್ಲ. ಸದಸ್ಯರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಹೇಳಬೇಕೆಂದಿದ್ದನ್ನು ಬಿಟ್ಟು ಬೇರೆ ಹೇಳುತ್ತಾರೆ. ನಾನು ಹೇಳಿದ್ದನ್ನಷ್ಟೇ ಬರೆಯುತ್ತೇನೆ. ಬಿಟ್ಟದ್ದನ್ನು ಬರೆಯುವ ಲಿಪಿ ನನಗೆ ಯಾರೂ ಕಲಿಸಲಿಲ್ಲ.

ಆದರೂ ಸಭೆ ಇದೆ. ಹೌರಾನಿನ ಆ ಮುದುಕರು ತೀರಿಕೊಂಡರಂತೆ. ಅವರು ಇರಬೇಕಿತ್ತು.

ಅಪ್ಪ

*

ಡಿಸೆಂಬರ್ 18, ಸಂಜೆ

ಅಪ್ಪಾ,

ಇದನ್ನು ತಂದವನು ದೀಬ್, ಅವನನ್ನು ಏನೂ ಕೇಳಬೇಡಿ. ಮೂರನೆಯ ಸಲಕ್ಕೆ ಸಿದ್ಧವಾಗಿರಲು ನಮಗೆ ಹೇಳಿದ್ದಾರೆ. ನಾಳೆ ನೀವು ಕಚೇರಿಗೆ ಹೋಗಬೇಡಿ. ಜ್ವರ ಅನ್ನಿ. ನಜೀಹಾಳನ್ನೂ ಹೊರಗೆ ಬಿಡಬೇಡಿ.

ನಾನು ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಹೇಗೆ ಅನ್ನುವುದೆಂದು ಈಗ ತಿಳಿಯುವುದಿಲ್ಲ.

ಓದಿದ ಮೇಲೆ ಸುಟ್ಟುಬಿಡಿ.

ಬು.

*

ದಮಾಸ್ಕಸ್, ಡಿಸೆಂಬರ್ 19, 1949, ಬೆಳಗ್ಗೆ

ಬುರ್ಹಾನ್,

ನಿನ್ನ ಚೀಟಿಯನ್ನು ಸುಡಲಿಲ್ಲ. ಇನ್ನು ನಾನು ಕಾಗದ ಸುಡುವುದಿಲ್ಲ. ನಿನಗೆ ತೊಂದರೆಯಾಗದ ಹಾಗೆ ಬಚ್ಚಿಟ್ಟಿದ್ದೇನೆ.

ಮಾರ್ಚ್‌ನಲ್ಲಿ ನಾನು ಗೇಟಿನಿಂದ ತಿರುಗಿ ಬಂದದ್ದು ಮಗನ ಮಾತಿಗೆ ಮನಸ್ಸು ಒಡೆದು ಎಂದು ನೀನು ತಿಳಿದಿದ್ದೀಯೆ. ನಾನೂ ಹಾಗೆಂದೇ ಹೇಳಿಕೊಳ್ಳುತ್ತಿದ್ದೆ. ಅದಲ್ಲ. ಹೆದರಿದ್ದೆ. ಜೊತೆಗೆ, ಒಳಗೆ ಹೋಗಲು ನನಗೆ ಯಾವ ಹಕ್ಕಿದೆ, ಹಾಳೆ ಬದಲಿಸಿದವನಿಗೆ, ಎಂದು ನಾಚಿದ್ದೆ. ಹೆದರಿಕೆ ಇವತ್ತೂ ಇದೆ. ನಾಚಿಕೆ ಮಾತ್ರ ಈ ಒಂದು ವರ್ಷದಲ್ಲಿ ಬೇರೆಯಾಗಿದೆ; ಮನೆಯಲ್ಲಿ ಕೂತರೆ ಹೆಚ್ಚುತ್ತದೆ.

ಸಭೆ ಹತ್ತು ಗಂಟೆಗೆ. ನಜೀಹಾ ಬಾಗಿಲಿಗೆ ಅಡ್ಡ ನಿಂತು ಅತ್ತಳು, ಆಮೇಲೆ ತಾನೇ ಕುತ್ತಿಗೆಗೆ ಉಣ್ಣೆ ಪಟ್ಟಿ ಸುತ್ತಿದಳು. ಈ ಕಾಗದ ಅವಳ ಹತ್ತಿರ ಇರುತ್ತದೆ.

ಗೇಟಿನಲ್ಲಿ ಇರುವವನು ನೀನೋ ಬೇರೆಯವನೋ ಗೊತ್ತಿಲ್ಲ. ಯಾರಿದ್ದರೂ ಪಾಸ್ ತೋರಿಸುತ್ತೇನೆ. ಬಿಡದಿದ್ದರೆ ಎದುರಿನ ಪಾದಚಾರಿ ದಾರಿಯಲ್ಲಿ ನಿಲ್ಲುತ್ತೇನೆ, ಎರಡು ಗಂಟೆಗೆ ಸಭೆ ಮುಗಿಯುವವರೆಗೆ. ಹೊಡೆದಾಟ ನನ್ನ ಕೈಲಾಗದು, ಕೂಗಾಟವೂ ಇಲ್ಲ. ಕೆಲಸಕ್ಕೆ ಬಂದವನು, ಕೆಲಸದ ಹೊತ್ತಿನಷ್ಟು ಕಾಲ ನಿಲ್ಲುತ್ತೇನೆ.

ನೀನೇ ಅಲ್ಲಿದ್ದು, ಈ ಮುದುಕ ಯಾರು ಎಂದು ನಿನ್ನ ಹಿಂದಿನವರು ಕೇಳಿದರೆ, ಮಗನೇ, ನಿಜ ಹೇಳು.

ನಿನ್ನ ಅಪ್ಪ,
ವೆಹ್ಬಿ ಶುರ್ಬಜಿ